ನೀಲಿ ತಿರುಗಿದ ಅಚ್ಚು

ನವೆಂಬರ್ 7, ಬೇಸ್ತವಾರ

ರೊಟ್ಟಿ ಬಡಿದಾಯಿತು. ಬಿ.ಪಿ. ಗುಳಿಗೆ ನುಂಗಿದೆನೋ ಇಲ್ಲವೋ ನೆನಪಿಲ್ಲ. ಇನ್ನೊಂದು ನುಂಗಿದರೆ ಸೊಸೆ ಸೌಭಾಗ್ಯ ಬಾಯಿ ಮಾಡುತ್ತಾಳೆ, ನುಂಗದಿದ್ದರೆ ತಲೆ ಗಿರ್ರೆನ್ನುತ್ತದೆ. ಎರಡರಲ್ಲಿ ಗಿರ್ರೆನ್ನುವುದೇ ವಾಸಿ.

ಸಂಜೆ ಮಲ್ಲೇಶ್ವರಿ ಬಂದಳು. ಮೊಮ್ಮಗಳು ಬಂದಳೋ, ಗ್ಯಾರೇಜಿನ ಒರೆಸುವ ಅರಿವೆ ಬಂತೋ... ಮೊಣಕೈವರೆಗೆ ಗ್ರೀಸು. ಹೈದರಾಬಾದಿನಲ್ಲಿ ವಿಮಾನ ರಿಪೇರಿ ಓದಿ ಬಂದು ಮನೆಯಲ್ಲಿ ಕೂತಿದ್ದ ಹುಡುಗಿ. ಶಹಾಪುರಕ್ಕೆ ವಿಮಾನ ಎಲ್ಲಿಂದ ತರೋಣ ಎಂದು ಕುಟುಕುತ್ತಿದ್ದವಳು ನಾನೇ. ಈಗ ವಿಮಾನವೇ ಅವಳನ್ನು ಹುಡುಕಿಕೊಂಡು ಬಂದಿದೆ. ಗೋಗಿ ದಾರಿಯ ಬೀಳು ಹೊಲದಲ್ಲಿ ಚೇತನಕುಮಾರ ಎಂಬವನು ಇಬ್ಬರೇ ಕೂಡುವ ಪುಟ್ಟ ವಿಮಾನ ಇಟ್ಟಿದ್ದಾನೆ. ಮೇಲಿಂದ ಹೊಲ, ಕಾಲುವೆಗಳ ಫೋಟೋ ತೆಗೆದು ಕಂಪನಿಗಳಿಗೆ ಕೊಡುತ್ತಾನಂತೆ. ಮಳೆಗಾಲವೆಲ್ಲ ತಾಡಪಾಲಿನ ಕೆಳಗೆ ನಿಂತು ಬಲಗಡೆಯ ಗಾಲಿ ಅಚ್ಚಿಗೆ, ಇವರು ಎಕ್ಸಲ್ ಅನ್ನುವುದಕ್ಕೆ, ಕಚ್ಚಿಕೊಂಡಿದೆ. ತಿರುಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಹಾಕಿ ಕೊಟ್ಟರೆ ಇವಳಿಗೆ ಕಾಯಂ ಕೆಲಸ.

"ಬರವಲ್ದು ಆಯಿ," ಅಂದಳು. "ಎಷ್ಟ್ ಜಗ್ಗಿದ್ರೂ ಬರವಲ್ದು."

ಮೊದಲ ಕೆಲಸ. ಅದೇ ಹೀಗೆ. ಅವಳು ಉಂಡು ಮಲಗಿದಳು.

ನವೆಂಬರ್ 8, ಶುಕ್ರವಾರ

ಮಗ ಭೀಮಾಶಂಕರನ ಬೈಕಿನ ಮೇಲೆ ಬುತ್ತಿ ತೆಗೆದುಕೊಂಡು ಹೋಗಿ ವಿಮಾನ ನೋಡಿ ಬಂದೆ. ಇದಕ್ಕಾ ಇಷ್ಟು ಸುದ್ದಿ? ನಮ್ಮ ಹಳೆಯ ಚಕ್ಕಡಿಯಷ್ಟೂ ಭಾರವಿಲ್ಲ. ಬಿಳಿ ಬಣ್ಣ ಬಳಿದ ಕೊಕ್ಕರೆ. ಒಂದು ಕಾಲು ನೊಂದ ಕೊಕ್ಕರೆ.

ಚೇತನಕುಮಾರ ಮೈಸೂರು ಕಡೆಯವನು. ಮಾತು ಬೆಣ್ಣೆ. "ಬನ್ನಿ ಅಜ್ಜಿ, ನೆರಳಲ್ಲಿ ಕೂತ್ಕೊಳ್ಳಿ, ಬಿಸಿಲು ಜಾಸ್ತಿ" ಅಂದ. ಬಿಸಿಲು ನಮ್ಮದು, ಪರಿಚಯ ಮಾಡಿಸುವವನು ಇವನು.

ಭೀಮಾಶಂಕರ ಅಂಗಡಿಯಿಂದ ದೊಡ್ಡ ಸುತ್ತಿಗೆ ತಂದಿದ್ದ. ಟ್ರ್ಯಾಕ್ಟರ್ ರಿಪೇರಿಯವನ ಕೈ, ಸುಮ್ಮನಿರುತ್ತದೆಯೇ?

"ಸರಿಯವ್ವ ಮಗಳ, ಒಂದು ಏಟು ಹಾಕ್ತೀನಿ. ಬರಲಿಲ್ಲಂದ್ರ ಗ್ಯಾಸ್ ತೋರಸ್ತೀನಿ. ಇಲ್ಲೀತನಕ ಯಾವ ಗಾಲಿನೂ ನಂಗ ಎದುರಾಡಿಲ್ಲ."

"ಬ್ಯಾಡಪ್ಪ. ಹೊಡದ್ರ ಎಕ್ಸಲ್ ಕೆಡ್ತದ. ಬೆಂಕಿ ಅಂತೂ ಮುಟ್ಟಸಂಗೇ ಇಲ್ಲ. ಈ ಉಕ್ಕಿಗೆ ಹದ ಕೊಟ್ಟಿರ್ತಾರ. ಕಾಯ್ದ್ರ ಹದ ಹೋಗ್ತದ. ಆಮ್ಯಾಲ ವಿಮಾನ ಇಳಿಯೂ ಮುಂದ ನೆಲಕ್ಕ ಬಡಿತು ಅಂದ್ರ, ಅಲ್ಲೇ ಮುರೀತದ."

"ಓಹೋ. ನಮ್ಮ ಕಬ್ಬಿಣ ಭೂಮಿಯಾಗ ಹುಟ್ಯದ, ಇವರದು ಆಕಾಶದಾಗ ಹುಟ್ಯದ."

ನಕ್ಕ. ಆದರೆ ಸುತ್ತಿಗೆ ಕೆಳಗಿಡುವಾಗ ಮುಖ ಸಪ್ಪಗಾಗಿತ್ತು. ಮಗಳು ಬೇರೆಯವನ ಮುಂದೆ ಬೇಡ ಅಂದಳಲ್ಲ.

ಹೊರಡುವಾಗ ಚೇತನಕುಮಾರ ಇನ್ನೊಂದು ಬಾಂಬು ಹಾಕಿದ. ಮುಂದಿನ ಶುಕ್ರವಾರ ಹಾರಾಟ. ಗಾಲಿ ಹಾಕಿದವರು ಮೊದಲ ಹಾರಾಟದಲ್ಲಿ ಅವನ ಪಕ್ಕ ಕೂಡಬೇಕಂತೆ. ಅವನ ನಿಯಮ. ಮಲ್ಲೇಶ್ವರಿಯ ಮುಖ ಹೂವಾಯಿತು. ನಾನು ಕೊಕ್ಕರೆಯ ಆ ನೊಂದ ಕಾಲನ್ನೇ ನೋಡಿದೆ.

ನವೆಂಬರ್ 10, ಐತವಾರ

ಗಾಲಿ ಹಾಗೇ ಇದೆ. ಮಲ್ಲೇಶ್ವರಿ ಸುತ್ತಲೂ ಅದೇನೋ ತೆಳ್ಳನೆಯ ಎಣ್ಣೆ ಬಿಟ್ಟು ಬಂದಿದ್ದಾಳೆ. ಅದು ಸಂದಿಯಲ್ಲಿ ತಾನೇ ಇಳಿಯಬೇಕು, ಅವಸರ ಮಾಡಬಾರದು. ಅಷ್ಟರಲ್ಲಿ ತಾನು ಯಾದಗಿರಿಯಲ್ಲಿ ರೈಲು ಹಿಡಿದು ಹೈದರಾಬಾದಿಗೆ ಹೋಗಿ ಗೆಳತಿಯ ಹತ್ತಿರ ಗಾಲಿ ಎಳೆಯುವ ಪುಲ್ಲರ್ ತರುತ್ತಾಳೆ. ಮಂಗಳವಾರ ವಾಪಸ್ಸು.

"ನಾಳೆ ಹೆಂಗೂ ಸೋಮವಾರ. ಯಾರೂ ಮುಟ್ಟಬ್ಯಾಡ್ರಿ," ಅಂದಳು.

ಅದನ್ನು ಅವಳು ಹೇಳಬೇಕೇ? ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಬಸವಣ್ಣನ ದಿನ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಆದರೂ ಮಗನ ಅಂಗಡಿಗೆ ಸೋಮವಾರ ಬೀಗ. ಅದರಲ್ಲೂ ಇದು ಕಾರ್ತಿಕ ಸೋಮವಾರ.

ಭೀಮಾಶಂಕರ ತಲೆ ಅಲ್ಲಾಡಿಸಿದ. ಅವನು ತಲೆ ಅಲ್ಲಾಡಿಸಿದ್ದು ಹೌದೆಂದೋ ಅಲ್ಲವೆಂದೋ ಹಡೆದವಳಿಗೂ ಗೊತ್ತಾಗುವುದಿಲ್ಲ.

ನವೆಂಬರ್ 11, ಸೋಮವಾರ, ಸಂಜೆ

ಅಕ್ಷರ ಹೇಗೆ ಬರುತ್ತದೋ ಬರಲಿ.

"ಗುಡಿಗೆ ಹೋಗಿ ಬರಮು, ಕೂಡು ಯವ್ವ" ಅಂದ. ಕೂತೆ. ಬೈಕು ಗುಡಿಯ ದಾರಿ ಬಿಟ್ಟು ಗೋಗಿ ದಾರಿ ಹಿಡಿಯಿತು. ಚೇತನಕುಮಾರ ಕಲಬುರಗಿಗೆ ಹೋಗಿದ್ದ, ಹೊಲದಲ್ಲಿ ನರಪಿಳ್ಳೆಯಿಲ್ಲ. ವಿಮಾನದ ಪಕ್ಕದಲ್ಲಿ ಅಂಗಡಿಯ ಗ್ಯಾಸ್ ಸಿಲಿಂಡರ್ ಮೊದಲೇ ಬಂದು ಕೂತಿತ್ತು.

"ಏ ಮೂಳ, ಇವತ್ತು ಸೋಮವಾರ ಲೇ."

"ಸೋಮವಾರ ಎತ್ತಿಗೆ ಯವ್ವ. ವಿಮಾನಕ್ಕಲ್ಲ."

"ಆಕಿ ಬೆಂಕಿ ಬ್ಯಾಡ ಅಂದಾಳ."

"ಆಕಿ ಪುಸ್ತಕದಾಗಿಂದು ಹೇಳ್ತಾಳ. ಸಣ್ಣಗ ಕಾಯಸ್ತೀನಿ, ಏನೂ ಆಗಂಗಿಲ್ಲ." ಸಿಲಿಂಡರಿನ ಕೀಲಿ ತಿರುವುತ್ತ ಅಂದ, "ಹೆಣ್ಣುಡುಗಿ ಏನು ಬಿಚ್ಚ್ಯಾಳು ಅಂತ ಮಂದಿ ನಗಾಕತ್ತಾರ ಯವ್ವ. ನನ್ನ ಅಂಗಡಿ ಮುಂದೇ ನಿಂತು ನಗಾಕತ್ತಾರ. ನಾಳಿ ಆಕಿ ಕೈ ಹಚ್ಚಿದ ಕೂಡ್ಲೇ ಗಾಲಿ ಬರಬೇಕು. ಆಕಿನೇ ಬಿಚ್ಚಿದಂಗ ಆಗಬೇಕು. ನನ್ನ ಹೆಸರು ಬ್ಯಾಡ."

ಇಂಥ ಮಾತಿಗೆ ಏನು ಬೈಯಲಿ? ಟಯರು ಸುಡಬಾರದೆಂದು ಹಸಿ ಗೋಣಿಚೀಲ ಸುತ್ತಿದ. ಗಾಳಿಗೆ ತಾಡಪಾಲು ಅಡ್ಡ ಹಿಡಿ ಅಂದ. ಹಿಡಿದೆ. ಬೈಯುತ್ತಲೇ ಹಿಡಿದೆ.

ಸಣ್ಣಗೆ ಅಂದವನು ಸಣ್ಣಗೆ ನಿಲ್ಲಿಸಲಿಲ್ಲ. ಗಾಲಿ ಮಿಸುಕಲಿಲ್ಲ, ಇನ್ನಷ್ಟು ಕಾಯಿಸಿದ. ಕಡೆಗೆ ದವಡೆ ಹಲ್ಲು ಕಿತ್ತ ಹಾಗೆ ಕಟಕ್ ಎಂದಿತು. ಗಾಲಿ ಕೈಗೆ ಬಂತು. ಒಳಗಿನ ಅಚ್ಚು ನೋಡಿದೆ — ಮೊದಲು ಒಣಹುಲ್ಲಿನ ಬಣ್ಣ, ನೋಡನೋಡುತ್ತ ನವಿಲಿನ ಕೊರಳಿನ ನೀಲಿ.

ಅವನೂ ನೋಡಿದ. ಉಸುಕಿನ ಕಾಗದ ತೆಗೆದು ನೀಲಿ ಹೋಗುವವರೆಗೆ ಉಜ್ಜಿದ. ಗ್ರೀಸು ಬಳಿದ. ಗಾಲಿ ಮೊದಲಿನ ಜಾಗಕ್ಕೇ ಕೂಡಿಸಿದ, ಕರಕಾದ ಹುಲ್ಲಿನ ಮೇಲೆ ಮಣ್ಣು ಎಳೆದ.

ಆಮೇಲೆ ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಯಾರ ಮುಂದೂ ಹೇಳಂಗಿಲ್ಲ. ನನ್ನ ಮ್ಯಾಲ ಆಣಿ."

ಎಳೆದುಕೊಳ್ಳುವಷ್ಟರಲ್ಲಿ ಆಣೆ ಆಗಿಹೋಗಿತ್ತು. ಇವನಿಗಿಂತ ಮೊದಲು ಹಡೆದ ಇಬ್ಬರನ್ನು ಮಣ್ಣಿಗೆ ಕೊಟ್ಟವಳು ನಾನು. ಉಳಿದದ್ದು ಇದೊಂದೇ ತಲೆ. ಆ ತಲೆಯ ಮೇಲೆ ಇಟ್ಟ ಕೈಯಲ್ಲಿ ಏನು ಬರೆಯುತ್ತಿದ್ದೇನೆ...

ಗುಡಿಗೆ ಹೋಗಲಿಲ್ಲ.

ನವೆಂಬರ್ 12, ಮಂಗಳವಾರ

ಬಂತಂತೆ. ಪುಲ್ಲರ್ ಹಚ್ಚಿ ತುಸು ತಿರುವಿದ್ದೇ ತಡ, ಗಾಲಿ ಬಂತಂತೆ. ಚೇತನಕುಮಾರ ಮೊಬೈಲಿನಲ್ಲಿ ಹಿಡಿದಿದ್ದಾನೆ. ಮಲ್ಲೇಶ್ವರಿ ನನಗೆ ಮತ್ತೆ ಮತ್ತೆ ತೋರಿಸಿದಳು. ಅದರಲ್ಲಿ ಅವಳು ಗಾಲಿಯನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡಿದ್ದಾಳೆ. ಮೂಗಿನ ಮೇಲೆ ಗ್ರೀಸು.

"ನೋಡಿದ್ಯಾ ಆಯಿ? ಎಣ್ಣಿ ಕೆಲಸ ಮಾಡ್ತು. ಅವತ್ತು ಅಪ್ಪ ಸುತ್ತಿಗಿ ಹಿಡಕೊಂಡು ನಿಂತಿದ್ದ."

"ಹೌದವ್ವ," ಅಂದ ಭೀಮಾಶಂಕರ. "ನಿಂದೇ ಖರೆ ಆತು." ಅವನ ಮುಖ ನೋಡಬೇಕಿತ್ತು. ಇವಳು ಹುಟ್ಟಿದ ದಿನವೂ ಅಷ್ಟು ಬೆಳಗಿರಲಿಲ್ಲ.

ಹೊಸ ಬೇರಿಂಗ್ ಹಾಕಿ ಗಾಲಿ ಕೂಡಿಸಿಯೂ ಆಯಿತು. ಉಣ್ಣುವಾಗ ಅವಳು ಒಮ್ಮೆ ಕೇಳಿದಳು, "ಅಪ್ಪ, ಎಕ್ಸಲ್ ಒಂದು ಕಡಿ ಭಾಳ ಬೆಳ್ಳಗಿತ್ತಲ್ಲ, ಯಾಕ?"

"ಗಾಲಿ ತಿಕ್ಕಿರಬೇಕು."

"ಹೌದೇನು..." ಅಂದಳು. ಒಂದು ಗಳಿಗೆ ಅಷ್ಟೇ. ಅಪ್ಪ ಅಂದ ಮೇಲೆ ಮುಗಿಯಿತು. ನನ್ನ ಕಡೆ ತಿರುಗಿ ಇನ್ನೊಂದು ಹೋಳಿಗೆ ಹಾಕಿದಳು. ಮುರಿದು ತಾಟಿನಲ್ಲೇ ಇಟ್ಟೆ.

ಕೆಲಸ ಕಾಯಂ. ಶುಕ್ರವಾರ ಹಾರಾಟ.

ನವೆಂಬರ್ 14, ಬೇಸ್ತವಾರ

ನಿನ್ನೆ ಬರೆಯಲಿಲ್ಲ. ಬರೆಯಲು ಕೂತರೆ ನೀಲಿ ಕಾಣುತ್ತದೆ.

ಬೆಳಿಗ್ಗೆ ಪಕ್ಕದ ಮನೆಯ ಅನ್ವರಬಿ ಮೆಂತ್ಯೆಪಲ್ಲೆ ಸೋಸುತ್ತ ಕೂತವಳು ನನ್ನನ್ನೇ ನೋಡಿದಳು. "ಭಾಗಕ್ಕ, ಎರಡು ದಿನ ಆತು, ನೀ ಯಾರನ್ನೂ ಬೈದಿಲ್ಲ. ದವಾಖಾನಿಗೆ ಹೋಗಮು ಏನ್?"

"ನಾಲಿಗಿಗೆ ಹುಣ್ಣಾಗ್ಯದ."

"ನಿನ್ನ ನಾಲಿಗಿಗೆ ಹುಣ್ಣು? ಹುಣ್ಣು ಬಿತ್ತಂದ್ರ ಹುಣ್ಣಿಗೇ ಸಂಕಟ."

ನಗು ಬರಬೇಕಿತ್ತು. ಬರಲಿಲ್ಲ.

ಭೀಮಾಶಂಕರ ಅಂಗಡಿಗೆ ಹೊರಡುವ ಮೊದಲು ಹಿತ್ತಲಿಗೆ ಕರೆದೆ. ಹಳೆಯ ಕುಡಗೋಲು ಅವನ ಮುಂದೆ ಹಿಡಿದೆ. ಸುರಪುರದ ತವರಿನಿಂದ ತಂದದ್ದು. ಒಮ್ಮೆ ಕೈ ತಪ್ಪಿ ಒಲೆಯ ಕೆಂಡದಲ್ಲಿ ಬಿದ್ದು ನೀಲಿ ತಿರುಗಿತು. ಅವತ್ತಿನಿಂದ ಹುಲ್ಲನ್ನೂ ಕೊಯ್ಯುವುದಿಲ್ಲ. ಎಷ್ಟು ಮಸೆದರೂ ಬಾಯಿ ಮಡಚಿಕೊಳ್ಳುತ್ತದೆ.

"ಇದು ಕುಡಗೋಲು ಯವ್ವ. ಅದು ವಿಮಾನದ ಉಕ್ಕು."

"ಅವತ್ತು ನೀನೇ ನಕ್ಕಿ, ಇವರ ಕಬ್ಬಿಣ ಆಕಾಶದಾಗ ಹುಟ್ಯದ ಏನು ಅಂತ."

"ಈಗ ಹೇಳಿದ್ರ ಆಕಿ ಕೆಲಸ ಹೋಗ್ತದ. ಕದ್ದು ಬೆಂಕಿ ಇಟ್ಟವನ ಮಗಳು ಅಂತ ಯಾರು ಕೆಲಸ ಕೊಡ್ತಾರ? ಆಕಿ ಮಾರಿ ನೀ ನೋಡಿದ್ಯಲ್ಲ ಯವ್ವ. ಗಟ್ಟಿ ಅದ ಅದು. ನಾ ಹೇಳ್ತೀನಿ, ಗಟ್ಟಿ ಅದ."

ಬೈಕು ಒದ್ದು ಹೋದ. ಹೇಳಿದರೆ ಇವನ ತಲೆ. ಹೇಳದಿದ್ದರೆ ಅವಳ ತಲೆ. ನಡುವೆ ನನ್ನ ಎರಡು ಕೈ.

ಅದೇ ದಿನ, ಸಂಜೆ

ಚೇತನಕುಮಾರ ಊಟಕ್ಕೆ ಬಂದಿದ್ದ. ಬದನೆಕಾಯಿ ಎಣ್ಣೆಗಾಯಿಗೆ ಬೆವರೊರೆಸಿಕೊಂಡು "ತುಂಬಾ ಚೆನ್ನಾಗಿದೆ ಅಜ್ಜಿ, ಖಾರ ಒಂಚೂರು..." ಅಂದ. ನಾಳೆಯ ಮಾತು ಬಂತು. ಬೆಳಗಾಗುತ್ತಲೇ ಹಾರಾಟ, ಗಾಳಿ ಕಡಿಮೆ ಇರುತ್ತದಂತೆ.

ಮಧ್ಯಾಹ್ನವೆಲ್ಲ ಯೋಚಿಸಿದ್ದನ್ನು ಆಗ ಹೇಳಿಬಿಟ್ಟೆ. "ನಾಳಿ ಮಲ್ಲೇಶ್ವರಿ ಬ್ಯಾಡ. ಮೊದಲು ನಾ ಕೂಡ್ತೀನಿ."

ನಕ್ಕ. "ಇದು ಸವಾರಿ ಅಲ್ಲ ಅಜ್ಜಿ, ಪರೀಕ್ಷೆ. ನಿಮ್ಮನ್ನ ಆಮೇಲೆ ಒಂದಿನ ಖಂಡಿತ..."

"ಗಾಲಿ ಮ್ಯಾಲ ಭರೋಸಾ ಅದನೋ ಇಲ್ಲೋ?"

"ಇದೆಯಲ್ಲ."

"ನನ್ನ ಮೊಮ್ಮಗಳು ಕೂಡಬಹುದು, ನಾ ಕೂಡಬಾರದು. ಆಕಿ ಜೀವ ಅಗ್ಗ ಏನು?"

ಬೆಣ್ಣೆ ಕರಗಿತು. ಹಾಗಾದರೆ ಮೊದಲು ನೆಲದ ಮೇಲೆ ಒಂದು ಓಟ, ಎಲ್ಲ ಸರಿ ಅನ್ನಿಸಿದರೆ ನನಗೊಂದು ಸಣ್ಣ ಸುತ್ತು, ಆಮೇಲೆ ಮಲ್ಲೇಶ್ವರಿ ಅಂದ. ಮಲ್ಲೇಶ್ವರಿ ತಾಟು ಸರಿಸಿ ಎದ್ದಳು. "ಅದು ನನ್ನ ಜಾಗ ಆಯಿ. ನಾ ದುಡಿದೀನಿ ಅದಕ್ಕ." ಕಣ್ಣಲ್ಲಿ ನೀರು. ಅಂದುಕೊಳ್ಳಲಿ. ಜೀವವಿದ್ದರೆ ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟಾಗಿರಲಿ.

ಭೀಮಾಶಂಕರನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ನಾನು ಅವನನ್ನೇ ನೋಡಿದೆ. ಆಣೆ ಮುರಿದಿಲ್ಲ.

ಈಗ ಇಲ್ಲಿ ಕೂತರೆ ಇನ್ನೊಂದು ಚುಚ್ಚುತ್ತಿದೆ. ಆ ಅಚ್ಚು ಮುರಿದರೆ ನಾನೊಬ್ಬಳೇ ಹೋಗುವುದಿಲ್ಲ. ಪಕ್ಕದಲ್ಲಿ ಆ ಹುಡುಗ. ಅವನನ್ನೂ ಮೈಸೂರಿನಲ್ಲಿ ಯಾವಳೋ ಹಡೆದಿದ್ದಾಳೆ. ಅವಳ ಮಗನ ತಲೆ ಕಾಯಲು ಯಾರ ಆಣೆ? ಇಷ್ಟು ವರ್ಷ ಬೇಡದ ಕಡೆಯೆಲ್ಲ ಬಾಯಿ ಹಾಕಿದೆ. ಬೇಕಾದ ದಿನ...

ಮಗ ಹೇಳದಿದ್ದರೆ ಗಾಲಿ ಉರುಳುವ ಮೊದಲು ನಾನೇ ಹೇಳುತ್ತೇನೆ. ಆಮೇಲೆ ಅವನ ತಲೆಯನ್ನು ಆ ಶಿವನೇ ಕಾಯಲಿ.

ನವೆಂಬರ್ 15, ಶುಕ್ರವಾರ, ಹುಣ್ಣಿಮೆ. ಬೆಳಕು ಹರಿಯುವ ಮೊದಲು

ಸ್ನಾನ ಆಯಿತು. ಇಳಕಲ್ ಸೀರೆ ಉಟ್ಟೆ. ಕಚ್ಚೆ ಹಾಕಿ ಬಿಗಿದೆ, ಗಾಳಿಯಲ್ಲಿ ಮರ್ಯಾದೆ ಹೋಗಬಾರದು. ವಿಭೂತಿ ಹಚ್ಚಿಕೊಂಡೆ. ಗುಳಿಗೆ ಇವತ್ತು ನೆನಪಿಟ್ಟು ನುಂಗಿದೆ.

ಹೊರಗೆ ಬಂದರೆ ಭೀಮಾಶಂಕರ ಕಟ್ಟೆಯ ಮೇಲೆ ಕೂತಿದ್ದಾನೆ. ಹಾಸಿಗೆ ಮಡಚಿದ್ದು ಮಡಚಿದ ಹಾಗೇ ಇದೆ. ಮಲಗಿಲ್ಲ.

"ಯವ್ವ, ಖರೇನೇ ಹೋಗ್ತೀ?"

"ಹೋಗ್ತೀನಿ. ಗಟ್ಟಿ ಅದ ಅಂದ್ಯಲ್ಲ."

"ಅಂದೀನಿ."

"ಮತ್ತ ಮಾರಿ ಯಾಕ ಹಂಗಾಗ್ಯದ?"

ನನ್ನ ಕಾಲ ಕಡೆ ನೋಡುತ್ತಿದ್ದ. ಸಣ್ಣವನಿದ್ದಾಗ ಬೈಸಿಕೊಳ್ಳುವ ಮೊದಲು ಹೀಗೇ ನೋಡುತ್ತಿದ್ದ. ಬೈಯಲಿಲ್ಲ. ಚಹಾಕ್ಕೆ ಹಾಲು ಇಟ್ಟು ಒಳಗೆ ಬಂದೆ. ಇದನ್ನು ಬರೆದು ಮುಗಿಸುವಷ್ಟು ಹೊತ್ತು ಕೊಡುತ್ತೇನೆ. ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ನಾನೇ ಹೋಗಿ ಅವಳನ್ನು ಎಬ್ಬಿಸಿ—

ಅಂಗಳದಲ್ಲಿ ಚಪ್ಪಲಿ ಸಪ್ಪಳ. ಬೈಕಿನ ಕಡೆಗಲ್ಲ. ಮಲ್ಲೇಶ್ವರಿಯ ಕೋಣೆಯ ಕಡೆಗೆ. ಬಾಗಿಲು ಬಡಿಯುತ್ತಿದ್ದಾನೆ.

"ಮಲ್ಲೂ. ಏಳವ್ವ. ಇವತ್ತು ವಿಮಾನ ಹಾರಸಂಗಿಲ್ಲ. ಆ ಎಕ್ಸಲಿಗೆ ಸೋಮವಾರ ನಾನು..."

ಒಲೆಯ ಮೇಲೆ ಹಾಲು ಉಕ್ಕುತ್ತಿದೆ. ಉಕ್ಕಲಿ. ಅವನು ಹೇಳುತ್ತಲೇ ಇದ್ದಾನೆ. ಈಗ ಚಿಲಕ ತೆಗೆದ ಸಪ್ಪಳ, ಅವಳು ಹೊರಗೆ ಬಂದಳು. ಪೆನ್ನು ಇಟ್ಟು ನಾನೂ ಏಳುತ್ತೇನೆ.