ಅರ್ಧ ಗಡ್ಡದಲ್ಲಿ ಎಬ್ಬಿಸುವ ಹಕ್ಕು

ಮಾನ್ಯ ಪರವಾನಗಿ ಅಧಿಕಾರಿಗಳೇ,

ನನ್ನ ಅಕ್ಕನ ಮಗಳ ಕೂದಲು ಕತ್ತರಿಸುವುದಿಲ್ಲ ಎಂದು ಸಲೂನಿನವರು ವಾಪಸು ಕಳಿಸಿದರು. ಅವಳ ಮುಖದಲ್ಲೂ ಕುತ್ತಿಗೆಯಲ್ಲೂ ಬಿಳಿ ಮಚ್ಚೆಗಳಿವೆ, ಕಾರಣ ಅಷ್ಟೇ. ಅದು ಅಂಟುರೋಗವಲ್ಲ. ಅಂಟುವುದಾಗಿದ್ದರೆ, ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ನಾನು ಇಷ್ಟು ಹೊತ್ತಿಗೆ ಹಾಲಿನಂತಾಗಿರಬೇಕಿತ್ತು; ನನ್ನ ಬಣ್ಣ ತಾವೇ ಕಂಡಿದ್ದೀರಿ. ತಮ್ಮ ಕಚೇರಿ ಇದನ್ನು ಮಾಲೀಕರ ಹಕ್ಕು ಎನ್ನುತ್ತದೆ.

ಹಕ್ಕಿನ ಪಾಠ ನನಗೆ ಬೇಕಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೇ ವಿದ್ಯೆ ಸಾಕೆನಿಸಿ ಎದ್ದುಬಂದ ದರ್ಜಿ ನಾನು. ಕೋಟು ಹೊಲಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಿನಲ್ಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರಿಗೆ ಹೊಟ್ಟೆಯುರಿ. ನಾನೂ ಗಿರಾಕಿಗಳನ್ನು ಹೊರಗಟ್ಟಿದ್ದೇನೆ. ತೋಳು ಗಿಡ್ಡವಾಯಿತೆಂದು ನನ್ನೆದುರೇ ಹೆಂಡತಿಯ ಮೇಲೆ ಕೈಯೆತ್ತಿದವನ ಬಟ್ಟೆಯನ್ನು ಇಂದಿಗೂ ಮುಟ್ಟುವುದಿಲ್ಲ. ಅವನು ಕೈಯೆತ್ತಿದ, ಕಳಿಸಿದೆ. ಈ ಹುಡುಗಿ ಏನು ಮಾಡಿದಳು? ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಸಲೂನಿನ ಒಡತಿ ಬಹಳ ಸಭ್ಯಳು. "ತಪ್ಪು ತಿಳ್ಕೋಬೇಡಮ್ಮ, ನಂಗೇನಿಲ್ಲ. ಮಿಕ್ಕ ಕಸ್ಟಮರ್ಸ್ ಎದ್ದು ಹೋಗ್ತಾರೆ" ಎಂದಳಂತೆ. ಮಾರನೆಯ ದಿನ ನಾನು ಮೀಸೆ ತಿರುವಿ, ಹುಡುಗಿಗೆ "ನೋಡ್ತಿರು, ಅದೇ ಕುರ್ಚೀಲಿ ನಿನ್ನ ಕೂರಿಸ್ತೀನಿ" ಎಂದು ಹೇಳಿ ಸಲೂನಿಗೆ ಹೊರಟೆ. ಮೊದಲು ಸ್ನೇಹ, ಆಮೇಲೆ ಮಾತು ಎಂಬ ಜಾಣತನದಿಂದ ಗಡ್ಡ ತೆಗೆಸಲು ಕೂತೆ. ಎಡಗೆನ್ನೆ ಮುಗಿದಾಗ, "ನಿನ್ನೆ ವಾಪಸ್ ಕಳಿಸಿದ್ರಲ್ಲ, ಅವ್ಳು ನನ್ನ ಅಕ್ಕನ ಮಗಳು" ಎಂದೆ. ಕ್ಷೌರ ಮಾಡುತ್ತಿದ್ದ ಹುಡುಗನ ರೇಜರ್ ನಿಂತಿತು. ಒಡತಿ ಬಂದು ನನ್ನ ಕೊರಳಿನ ಟವೆಲ್ ಬಿಚ್ಚಿದಳು.

"ಯಜಮಾನ್ರೇ, ದುಡ್ಡು ಬೇಡ. ಎದ್ದೇಳಿ."

ಬಲಗೆನ್ನೆಯ ನೊರೆಯ ಸಮೇತ ನೇರ ತಮ್ಮ ಕಚೇರಿಗೆ ಬಂದೆ. ತಾವು ನಕ್ಕಿರಿ. "ಅದು ಅವರ ಅಂಗಡಿ ಕಣ್ರೀ, ಕೊಡೋದು ಬಿಡೋದು ಅವರಿಷ್ಟ" ಎಂದಿರಿ. ನಾನೂ ನಕ್ಕೆ. ಬೇರೆ ದಿನವಾಗಿದ್ದರೆ ಸೂರು ಹಾರುವಂತೆ ಕೂಗಾಡುತ್ತಿದ್ದೆ. ಅಂದು ಸಿಟ್ಟೇ ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಎಲ್ಲೋ ಇದೆ, ನನ್ನದಲ್ಲ.

ಅವಳು ಸೋಮವಾರ ಆಸ್ಪತ್ರೆಯೊಂದರ ಸ್ವಾಗತ ಕೌಂಟರಿನ ಕೆಲಸಕ್ಕೆ ಸೇರಬೇಕು. ಮನೆಗೆ ಬಂದ ನನ್ನ ಮುಖವನ್ನು ಒಮ್ಮೆ ನೋಡಿ, "ಮಾವ, ನಿಮ್ಮ ಕತ್ತರಿ ಕೊಡಿ" ಎಂದಳು. ಬಟ್ಟೆಯ ಕತ್ತರಿಗೆ ಕಾಗದ ಸೋಕಿಸಿದರೂ ರಂಪ ಮಾಡುವವನು ನಾನು. ಕೊಟ್ಟೆ. ಕನ್ನಡಿಯ ಮುಂದೆ ತಾನೇ ಕೂದಲು ಕತ್ತರಿಸಿಕೊಂಡಳು.

"ಓರೆ ಆಯ್ತಲ್ಲೇ."

"ಆಗ್ಲಿ ಬಿಡಿ. ಸಲೂನಲ್ಲೇ ಜನ ಎದ್ದು ಹೋಗ್ತಾರಂತೆ, ಕೌಂಟರಲ್ಲಿ ನನ್ನ ಮುಂದೆ ಯಾರು ನಿಲ್ತಾರೆ? ನಾನು ಹೋಗಲ್ಲ."

ಆದ್ದರಿಂದ ಅಧಿಕಾರಿಗಳೇ, ಗಿರಾಕಿಯನ್ನು ಕಳಿಸುವುದಾದರೆ ಆತ ಮಾಡಿದ್ದಕ್ಕೆ ಕಳಿಸಲಿ, ಆತನ ಚರ್ಮಕ್ಕಲ್ಲ ಎಂದು ಪರವಾನಗಿಯ ಷರತ್ತಿನಲ್ಲಿ ಬರೆಯಿರಿ. ಸೋಮವಾರದೊಳಗೆ ಆ ಒಡತಿಯನ್ನು ಕರೆಸಿ ಹೇಳಿರಿ. ಆಗದಿದ್ದರೆ ನಮ್ಮ ಮನೆಗೆ ಬಂದು, ಅದು ಅವರ ಹಕ್ಕೆಂದು ಹುಡುಗಿಯ ಮುಖ ನೋಡಿ ತಾವೇ ಹೇಳಿರಿ. ನನಗೆ ಬಾಯಿ ಬರಲಿಲ್ಲ. "ಸಾಹೇಬ್ರು ತುಂಬಾ ಬೇಜಾರು ಮಾಡ್ಕೊಂಡ್ರು, ವಿಚಾರಿಸ್ತೀನಿ ಅಂದ್ರು" ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ.

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟು ಕೂತಿರುವ
ಸೋದರಮಾವ