ಮಣಿಯಗಾರನ ಕೆಮ್ಮು

೧೪-೩-೧೯೮೧, ಶನಿವಾರ

ಗಂಟಲು ಇನ್ನೂ ಉರಿಯುತ್ತಿದೆ.

ದೊಡ್ಡಗಾಜನೂರಿನ ಸ್ಕೂಲು ಜಗಲಿಯ ಮೇಲೆ ವಾರಕ್ಕೊಂದು ಕಂತು ಆಡುತ್ತಿದ್ದ ನಮ್ಮ ನಗೆನಾಟಕ ಎರಡು ವರ್ಷದ ಮೇಲೆ ಇವತ್ತು ಮತ್ತೆ ಶುರುವಾಯಿತು. ಬಿಳಿಗಿರಿ ತೀರಿಕೊಂಡಿದ್ದರಿಂದ ಅವನು ಮಾಡುತ್ತಿದ್ದ, ಊರ ಕಂದಾಯ ವಸೂಲಿ ಮಾಡುವ ಜಿಪುಣ ಮಣಿಯಗಾರನ ಪಾರ್ಟು ನನಗೆ ಬಂತು. ಒಂದು ಮಾತೂ ತಪ್ಪಲಿಲ್ಲ. ಯಾರೂ ನಗಲಿಲ್ಲ.

"ಕೆಮ್ಮಲಾ! ಕೆಮ್ಮದೆ ಮಾತಾಡುದ್ರೆ ಅವ್ನ್ಯಾವ ಮಣಿಯಗಾರ?" ಎಂದು ಮುಂದೆ ಕೂತಿದ್ದ ನಂಜಯ್ಯ ಕೂಗಿದ. "ಬಿಳಿಗಿರಿ ಪಾರ್ಟ ಆಳ್ ಮಾಡ್ಬುಟ್ಟ ಕಣ್ಲಾ!"

ನಾಟಕದ ಪುಸ್ತಕದಲ್ಲಿ ಕೆಮ್ಮಿಲ್ಲ. ಅದು ಬಿಳಿಗಿರಿಯ ಎದೆರೋಗ. ಕೊನೆಯ ವರ್ಷ ಮಾತಿಗೊಮ್ಮೆ ಟವೆಲ್ಲು ಬಾಯಿಗೊತ್ತಿಕೊಂಡು ಕೆಮ್ಮುತ್ತಿದ್ದ. ಅದೂ ಪಾರ್ಟೇ ಎಂದುಕೊಂಡು ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಕಡೆಗೆ ನಾನೂ ಟವೆಲ್ಲು ಒತ್ತಿಕೊಂಡು ಕೆಮ್ಮಿದೆ. ನಗು, ಶಿಳ್ಳೆ. ನಾಚಿಕೆಯಾಗಬೇಕಿತ್ತು, ಏನೂ ಆಗಲಿಲ್ಲ.

ಮುಗಿದ ಮೇಲೆ ಬಿಳಿಗಿರಿಯ ಹೆಂಡತಿ ಪುಟ್ಟಮಾದಮ್ಮ ಹತ್ತಿರ ಬಂದಳು. ಬೈದರೆ ಬೈಸಿಕೊಳ್ಳೋಣ ಎಂದು ನಿಂತೆ.

"ಅವ್ರು ಇಂಗೆ ಕೆಮ್ತಿರ್ನಿಲ್ಲ ಕಣಪ್ಪ," ಎಂದಳು. "ಮೊದ್ಲು ಎದೆ ಇಡ್ಕತಿದ್ರು."

ಸರಿ ಅಂದೆ. ಈಗ ಕನ್ನಡಿ ಮುಂದೆ ಎದೆ ಹಿಡಿದು ನೋಡಿಕೊಂಡೆ. ಯಾವ ಕಡೆ ಎಂದು ಕೇಳುವುದನ್ನು ಮರೆತಿದ್ದೇನೆ.