ಎಡಗಡೆಯ ದೊಡ್ಡ ಕೊಳವೆ

ಕಾನ್ವೆಂಟ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಮೂರನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ತಿಳಿಸು" ಎಂದು ಬೈದಿದ್ದೀಯ. ಬೈದದ್ದು ಸರಿಯೇ. ಬದುಕಿದ್ದೇನೆ. ಮಂಡಿನೋವು ಹಾಗೇ ಇದೆ, ಹೊಸ ಕನ್ನಡಕ ಇನ್ನೂ ಮೂಗಿಗೆ ಒಗ್ಗಿಲ್ಲ. ನಿನ್ನ ಯಜಮಾನರ ಕೆಮ್ಮು ಹೇಗಿದೆ? ಸೊಸೆಗೆ ತಿಂಗಳು ತುಂಬುತ್ತಾ ಬಂತಲ್ಲ, ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡಲಿ.

ಬರೆಯಲು ಕೂರುತ್ತಿದ್ದೆ, ಕೈ ಏಳುತ್ತಿರಲಿಲ್ಲ. ತಡವಾದದ್ದಕ್ಕೆ ಮನ್ನಿಸು.

ನಮ್ಮ ಶಾಲೆಯ ಚಾಪೆಲ್‌ನ ಅಟ್ಟದ ಮೇಲಿದ್ದ ಪೈಪ್ ಆರ್ಗನ್ ನಿನಗೆ ನೆನಪಿರಬೇಕು. ನಾನು ವ್ರತ ಸ್ವೀಕರಿಸಿದ ದಿನ ನೀನು ಅಪ್ಪನ ಪಕ್ಕ ಕೂತು, ಕತ್ತು ಹಿಂದಕ್ಕೆ ಹಾಕಿ ಅದನ್ನೇ ನೋಡುತ್ತಿದ್ದೆ. "ಅಕ್ಕಾ, ಇದು ಉಸಿರಾಡುತ್ತೆ ಕಣೇ" ಅಂದಿದ್ದೆ. ನಿಜ. ಹಿಂದಿನ ಕೋಣೆಯಲ್ಲಿ ಮಂಚದಷ್ಟು ದೊಡ್ಡ ತಿದಿ ಗಾಳಿ ತುಂಬಿಕೊಳ್ಳುತ್ತಿತ್ತು. ಮೊದಲ ಸ್ವರ ಹೊರಡುವ ಮುಂಚೆ ಇಡೀ ಅಟ್ಟ ಒಮ್ಮೆ ನಿಟ್ಟುಸಿರು ಬಿಟ್ಟಂತಾಗುತ್ತಿತ್ತು. ಮೂವತ್ತೆಂಟು ವರ್ಷ ಅದನ್ನು ನುಡಿಸಿದೆ. ಮಕ್ಕಳು ನನಗೆ "ಗಾಳಿ ಸಿಸ್ಟರ್" ಎಂದು ಅಡ್ಡಹೆಸರಿಟ್ಟಿರುವುದು ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದರು.

ಈಗ ಅದು ಇಲ್ಲ. ಜನವರಿಯ ಕೊನೆಯ ಗುರುವಾರ, ಶಾಲೆ ಬಿಟ್ಟ ಮೇಲೆ, ಅಟ್ಟದ ಮೇಲೆ ಹದಿನಾರು ಹುಡುಗಿಯರಿಗೆ ಹಾಡು ಕಲಿಸುತ್ತಿದ್ದೆ. ಅವರಲ್ಲಿ ಒಬ್ಬಳನ್ನು ಎಲ್ಲರೂ ಗುಬ್ಬಚ್ಚಿ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷ. ಅವಳಮ್ಮ ನಮ್ಮ ಹಾಸ್ಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಮಾತಾಡಿದರೆ ಪಕ್ಕದವರಿಗೂ ಕೇಳದ ಹುಡುಗಿ, ಹಾಡಿದರೆ ತುಂಬಿದ ಕೊಡದಂಥ ದನಿ.

"ಸಿಸ್ಟರ್, ಇವಳು ನನ್ನ ಕಾಲು ತುಳೀತಾನೇ ಇದಾಳೆ" ಎಂದು ಒಬ್ಬಳು ದೂರು ಹೇಳಿದಳು.

"ಆಯ್ತು, ಗುಬ್ಬಚ್ಚಿ, ನೀನು ಆ ಎಡಗಡೆ ಹೋಗಿ ನಿಂತ್ಕೋ" ಅಂದೆ.

ಅಲ್ಲಿ ಆರ್ಗನ್ನಿನ ಅತಿ ದೊಡ್ಡ ಕೊಳವೆ ಇತ್ತು. ಸೀಸ, ತವರ ಬೆರೆಸಿ ಮಾಡಿದ್ದು, ಎರಡಾಳೆತ್ತರ. ಹತ್ತು ನಿಮಿಷವೂ ಆಗಿರಲಿಲ್ಲ, ಹೊಸ ಬಟ್ಟೆ ಹರಿದಂಥ ಸದ್ದು ಕೇಳಿತು. ಬುಡ ಕುಸಿದು, ಹಿಡಿದಿದ್ದ ಕೊಕ್ಕೆ ಕಿತ್ತು, ಕೊಳವೆ ಮುಂದಕ್ಕೆ, ಅವಳ ಮೇಲೆ ವಾಲಿತು. ಅವಳು ಕೂಗಲೇ ಇಲ್ಲ. ಕೂಗಿದವರು ಉಳಿದವರು. ನನ್ನ ಕಾಲು ಆರ್ಗನ್ನಿನ ಪೆಡಲ್ ಮೇಲೇ ಇತ್ತು; ಮಕ್ಕಳ ಚೀರಾಟದ ಅಡಿಯಲ್ಲಿ ಅದರ ಸ್ವರ ಮೊರೆಯುತ್ತಲೇ ಇತ್ತು. ಯಾರೋ ಭುಜ ಹಿಡಿದು ಎಳೆದಾಗಲೇ ನನಗೆ ಅರಿವಾದದ್ದು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಮಗು ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅವಳಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಅಳಲಿಲ್ಲ. ನೀರಲ್ಲಿ ನೆನೆದು ಸುಕ್ಕುಗಟ್ಟಿದ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡು, "ಸಿಸ್ಟರ್, ಅದು ಬೀಳೋವಾಗ ಅವಳು ಹಾಡ್ತಾ ಇದ್ಲಾ?" ಎಂದು ಕೇಳಿದಳು. ಹೌದು ಅಂದೆ. "ಹಂಗಾದ್ರೆ ಹೆದರಿರಲ್ಲ ಬಿಡಿ. ಹಾಡೋವಾಗ ಅವಳಿಗೆ ಏನೂ ಗೊತ್ತಾಗ್ತಿರಲಿಲ್ಲ" ಅಂದಳು. ನನಗೇ ಸಮಾಧಾನ ಹೇಳಿ ಹೋದಳು ತಂಗಿ.

ಆಮೇಲೆ ವಿಚಾರಣೆ. ಇಪ್ಪತ್ತು ವರ್ಷದಿಂದ ಆರ್ಗನ್ ರಿಪೇರಿಗೆ ಬರುತ್ತಿದ್ದ ಮೇಸ್ತ್ರಿಯನ್ನು ಶಿಕ್ಷಕರ ಕೊಠಡಿಗೆ ಕರೆಸಿದರು. ನಾನೂ ಅಲ್ಲಿದ್ದೆ.

"ನವೆಂಬರ್‌ನಲ್ಲಿ ಬಂದಿದ್ರಲ್ಲ, ಕೊಕ್ಕೆ ಸಡಿಲ ಆಗಿದ್ದು ನಿಮಗೆ ಕಾಣಲಿಲ್ವೇನ್ರೀ?" ಎಂದು ಆಡಳಿತ ಮಂಡಳಿಯ ಹಿರಿಯರು ಕೇಳಿದರು.

ಮೇಸ್ತ್ರಿ ತಲೆ ಎತ್ತಿ ಒಮ್ಮೆ ನೋಡಿದರು, ಮತ್ತೆ ತಗ್ಗಿಸಿದರು. ಹಿರಿಯರು ಕಾಗದದಲ್ಲಿ "ನಿರ್ಲಕ್ಷ್ಯ" ಎಂದು ಬರೆದುಕೊಂಡರು. ಪೊಲೀಸರು ಅವರನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಕೇಸು ಇನ್ನೂ ನಡೆಯುತ್ತಿದೆ. ಬೇರೆ ಚರ್ಚುಗಳವರೂ ಅವರನ್ನು ಕರೆಯುವುದನ್ನು ಬಿಟ್ಟಿದ್ದಾರೆ. ಅವರ ಹತಾರದ ಪೆಟ್ಟಿಗೆ ನಮ್ಮಲ್ಲೇ ಉಳಿದಿತ್ತು, ಹೆಂಡತಿ ಬಂದು ಒಯ್ದಳು. "ಮನೇಲಿ ಮಾತೇ ಆಡಲ್ಲ ಸಿಸ್ಟರ್. ಏನಾದ್ರೂ ಕೇಳಿದ್ರೆ ಗೋಡೆ ಕಡೆ ತಿರುಗಿಬಿಡ್ತಾರೆ" ಅಂದಳು.

ಹೋದ ವಾರ ನಾಲ್ವರು ಬಂದು ಆರ್ಗನ್ ಬಿಚ್ಚಿದರು. ಕೊಳವೆಗಳಿಗೆ ಹುಲ್ಲು ಸುತ್ತಿ ಲಾರಿಗೆ ಹಾಕಿಕೊಂಡು ಹೋದರು. ಈಗ ಮೇಜಿನ ಮೇಲೆ ಕರೆಂಟಿನ ಕೀಬೋರ್ಡ್ ಒಂದಿದೆ. ಚಿಕ್ಕ ಸಿಸ್ಟರ್ ಒಬ್ಬರು ನುಡಿಸುತ್ತಾರೆ, ಚೆನ್ನಾಗಿಯೇ ನುಡಿಸುತ್ತಾರೆ.

ಇನ್ನೇನು ಬರೆಯಲಿ. ಸೊಸೆಗೆ ಸುಖವಾಗಿ ಹೆರಿಗೆಯಾಗಲಿ, ಮಗು ಗಟ್ಟಿ ದನಿಯಲ್ಲಿ ಅಳುತ್ತಾ ಹುಟ್ಟಲಿ. ದೇವರು ನಿಮ್ಮೆಲ್ಲರ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಕ್ಕ

ತಾ.ಕ.: ಕಾಗದ ಮಡಿಚಿದ್ದೆ, ಮತ್ತೆ ಬಿಡಿಸಿದೆ. ಅವತ್ತು ಮೇಸ್ತ್ರಿ ತಲೆ ಎತ್ತಿ ನೋಡಿದ್ದು ನನ್ನನ್ನು. ನವೆಂಬರ್‌ನಲ್ಲಿ ಅವರು ನನ್ನನ್ನೇ ಏಣಿ ಹತ್ತಿಸಿ ಆ ಕೊಕ್ಕೆ ತೋರಿಸಿದ್ದರು. "ಬುಡ ಕುಸೀತಿದೆ ಸಿಸ್ಟರ್. ಕೊಳವೆ ಇಳಿಸೋವರೆಗೂ ಮಕ್ಕಳನ್ನ ಇಲ್ಲಿ ನಿಲ್ಲಿಸ್ಬೇಡಿ" ಅಂದಿದ್ದರು. "ಮದರ್ ಸುಪೀರಿಯರ್‌ಗೆ ನಾನೇ ಹೇಳ್ತೀನಿ, ನೀವು ಹೇಳೋದು ಬೇಡ" ಅಂದೆ. ಹೇಳಲಿಲ್ಲ. ಇಳಿಸಿದರೆ ಮತ್ತೆ ಏರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಇದೊಂದು ವರ್ಷ ಕಳೆಯಲಿ ಎಂದುಕೊಂಡೆ. ವಿಚಾರಣೆಯಲ್ಲಿ ಅವರು ನಾನು ಬಾಯಿ ಬಿಡಲೆಂದು ಕಾದರು. ನಾನು ಜಪಸರ ನೋಡುತ್ತಾ ಕೂತೆ.

ಮರುದಿನ ಬೆಳಿಗ್ಗೆ ಮದರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಎದ್ದು ಕಿಟಕಿ ಮುಚ್ಚಿದರು. "ಈ ಮಾತು ಈ ಕೋಣೆ ದಾಟಬಾರದು ಸಿಸ್ಟರ್. ಇದು ನನ್ನ ಆಜ್ಞೆ" ಅಂದರು. ಆಗಲಿ ಮದರ್ ಅಂದೆ. ಮೂವತ್ತೆಂಟು ವರ್ಷದಲ್ಲಿ ವಿಧೇಯತೆ ನನಗೆ ಅಷ್ಟು ಸುಲಭವಾಗಿ ಎಂದೂ ಬಂದಿರಲಿಲ್ಲ. ಹೊರಗೆ ಬಂದಾಗ ಎದೆ ಹಗುರವಾಗಿತ್ತು ತಂಗಿ.

ಮೇಸ್ತ್ರಿಯ ಮನೆ ವಿಳಾಸ ಹಿಂಬದಿಯಲ್ಲಿದೆ. ಈ ಕಾಗದವನ್ನು ಅವರ ಹೆಂಡತಿಗೆ ಮುಟ್ಟಿಸು. ನಾನೇ ಕಳಿಸಬಹುದಿತ್ತು. ಎರಡು ಸಲ ಲಕೋಟೆಯ ಮೇಲೆ ಅವರ ಹೆಸರು ಬರೆದು ಹರಿದೆ. ಮೂರನೆಯದರ ಮೇಲೆ ನಿನ್ನ ಹೆಸರು ಬರೆದೆ.